ಯೇಸುವಿಗೆ ಬಾಲಲೀಲೆ ಇಲ್ಲವಾ?

"ನಿಮ್ಮ ಯೇಸು ಚಿಕ್ಕವರಿದ್ದಾಗ ಏನು ಮಾಡಿದ್ರು?"

ಡಿಸೆಂಬರ್ ಬಂದರೆ ಈ ಪ್ರಶ್ನೆಯೂ ಬರುತ್ತದೆ. ಶಿವಮೊಗ್ಗದ ಬಿ.ಎಚ್. ರಸ್ತೆಯ ಸೇಕ್ರೆಡ್ ಹಾರ್ಟ್ ಚರ್ಚಿಗೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಪ್ರದರ್ಶನ) ನೋಡಲು ಬಂದವರು ಕೇಳುತ್ತಾರೆ. ಸಾಗರದ ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳುತ್ತಾರೆ. ಆಫೀಸಿನಲ್ಲಿ ಕೇಕ್ ಹಂಚಿದರೆ ಬಾಯಲ್ಲಿ ಕೇಕ್ ಇಟ್ಟುಕೊಂಡೇ ಕೇಳುತ್ತಾರೆ. ಹಿಂದೆಯೇ ಇನ್ನೊಂದು ಮಾತು: "ನಮ್ಮ ಕೃಷ್ಣನಿಗೆ ನೋಡಿ, ಬೆಣ್ಣೆ ಕದ್ದದ್ದು, ಪೂತನಿಯನ್ನ ಕೊಂದದ್ದು, ಬಾಯಲ್ಲಿ ಬ್ರಹ್ಮಾಂಡ ತೋರಿಸಿದ್ದು, ಎಲ್ಲ ಇದೆ. ನಿಮ್ಮವರಿಗೆ ಏನೂ ಇಲ್ವಾ?"

ಇಲ್ಲ. ಏನೂ ಇಲ್ಲ. ಬಾಯಿಮಾತಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಬೈಬಲಿನಲ್ಲಿ ಯೇಸುವಿನ ಜೀವನ ಹೇಳುವ ನಾಲ್ಕು ಶುಭಸಂದೇಶಗಳಲ್ಲಿ ಮಾರ್ಕ, ಯೊವಾನ್ನ ಇಬ್ಬರೂ ಬಾಲ್ಯದ ಕಥೆ ಹೇಳುವುದೇ ಇಲ್ಲ. ತಂದೆತಾಯಿ ಮಗುವನ್ನು ಎತ್ತಿಕೊಂಡು ಈಜಿಪ್ಟಿಗೆ ಓಡಿದ್ದನ್ನು, ಅಲ್ಲಿಂದ ಬಂದು ನಜರೇತ್ ಊರಿನಲ್ಲಿ ನೆಲೆಸಿದ್ದನ್ನು ಹೇಳಿ ಮತ್ತಾಯ ಸುಮ್ಮನಾಗುತ್ತಾನೆ. ಲೂಕ ಒಂದು ಪ್ರಸಂಗ ಜಾಸ್ತಿ ಹೇಳುತ್ತಾನೆ. 12 ವರ್ಷದ ಹುಡುಗ ಹಬ್ಬಕ್ಕೆ ಜೆರುಸಲೇಮಿಗೆ ಹೋದವನು ಅಲ್ಲೇ ಉಳಿದುಬಿಟ್ಟ. ಮೂರು ದಿನದ ಮೇಲೆ ದೇವಾಲಯದಲ್ಲಿ ಸಿಕ್ಕಿದ. "ಯಾಕಪ್ಪಾ ಹೀಗೆ ಮಾಡಿದೆ" ಎಂದು ತಾಯಿ ಕೇಳಿದಳು. ಮನೆಗೆ ಬಂದು ಹೇಳಿದ ಮಾತು ಕೇಳಿಕೊಂಡು ಇದ್ದ. ಮತ್ತೆ ಸುದ್ದಿ ಸಿಗುವುದು ಅವನಿಗೆ ಸುಮಾರು 30 ವರ್ಷವಾದ ಮೇಲೆ. (ದೊಡ್ಡ ಯೇಸುವನ್ನು ನಾವು 'ಅವರು' ಅನ್ನುತ್ತೇವೆ. ಮಗುವಿನ ಬಗ್ಗೆ ಬರೆಯುವಾಗ ನನ್ನ ಕೈಗೆ 'ಅವನು' ಅಂತಲೇ ಬರುತ್ತದೆ. ಬರಲಿ ಬಿಡಿ.)

ಲೀಲೆ ಕಟ್ಟಿದವರೂ ಇದ್ದರು. ಐದು ವರ್ಷದ ಯೇಸು ಮಣ್ಣಿನಲ್ಲಿ 12 ಗುಬ್ಬಿ ಮಾಡಿ, ಚಪ್ಪಾಳೆ ತಟ್ಟಿ ಹಾರಿಸಿದ ಕಥೆ ಹಳೆಯದು. ಅದೇ ಕಥೆಗಳ ಗುಂಪಿನಲ್ಲಿ, ಭುಜ ತಾಗಿಸಿದ ಹುಡುಗನನ್ನು ಶಪಿಸಿ ಸಾಯಿಸಿದ ಕಥೆಯೂ ಇದೆ. ಕ್ರೈಸ್ತ ಸಭೆ ಅವನ್ನು ಬೈಬಲಿಗೆ ಸೇರಿಸಲಿಲ್ಲ. ಒಳ್ಳೆಯದೇ ಆಯಿತು. ಯಾಕೆಂದರೆ ದೊಡ್ಡವರಾದ ಮೇಲೆ ಯೇಸು ತಮ್ಮ ಊರಿನಲ್ಲಿ ಬೋಧಿಸಲು ನಿಂತಾಗ ಜನ ಏನೆಂದರು? "ಇವನು ಆ ಬಡಗಿ ಅಲ್ವಾ? ಮರಿಯಳ ಮಗ ಅಲ್ವಾ?" ಎಂದರು. ಮಣ್ಣಿನ ಗುಬ್ಬಿ ಹಾರಿಸಿದ ಹುಡುಗನನ್ನು ಯಾವ ಊರಾದರೂ ಹಾಗೆ ಮರೆಯುತ್ತದಾ? ಅವರು ಕಂಡಿದ್ದು ಬರೀ ಒಬ್ಬ ಹುಡುಗನನ್ನು. ಅಷ್ಟೇ ಇತ್ತು ಅಲ್ಲಿ.

ಕೆಲವರು ಪ್ರಶ್ನೆಯ ಜೊತೆಗೆ ಉತ್ತರವನ್ನೂ ತಾವೇ ತಂದಿರುತ್ತಾರೆ. "ಆ ವರ್ಷಗಳಲ್ಲಿ ಅವರು ನಮ್ಮ ದೇಶಕ್ಕೆ ಬಂದು ಯೋಗ ಕಲಿತಿದ್ರಂತೆ." 1894ರಲ್ಲಿ ನೊಟೊವಿಚ್ ಎಂಬ ರಷ್ಯನ್ ಪ್ರವಾಸಿ ಲಡಾಖಿನ ಹೆಮಿಸ್ ಮಠದಲ್ಲಿ ಅಂಥ ಗ್ರಂಥ ಇದೆ ಎಂದು ಬರೆದ. ಮರುವರ್ಷ ಅಲ್ಲಿಗೇ ಹೋಗಿ ವಿಚಾರಿಸಿದವರಿಗೆ ಮಠದ ಹಿರಿಯರು ಹಾಗೇನೂ ಇಲ್ಲ ಎಂದರು. ಮಾತು ಮಾತ್ರ ಇನ್ನೂ ಓಡಾಡುತ್ತಿದೆ. ನನಗೆ ಸಿಟ್ಟು ಬರುವುದು ಇದಕ್ಕೆ. ನಜರೇತಿನ ಬಡಗಿ ಮನೆ ಸಾಲದು, ಇನ್ನೆಲ್ಲೋ ಕಲಿತಿರಲೇಬೇಕು ಅನ್ನುವ ಹಟ. ಬಡಗಿ ಮನೆಯಲ್ಲಿ ಕಲಿಯುವುದಕ್ಕೆ ಏನೂ ಇರುವುದಿಲ್ಲವಾ?

ಯೇಸು ಪ್ರಾಯದಲ್ಲೂ ಜ್ಞಾನದಲ್ಲೂ ಬೆಳೆದ ಎಂದು ಲೂಕ ಬರೆಯುತ್ತಾನೆ. ಜ್ಞಾನದಲ್ಲಿ ಬೆಳೆದ ಅಂದರೆ ಕಲಿತ ಅಂತಲೇ ಅಲ್ವಾ? ತೊದಲು ಮಾತು ಕಲಿತ. ಬಿದ್ದು ಎದ್ದು ನಡೆಯಲು ಕಲಿತ. ಉಳಿ ಹಿಡಿಯಲು ಕಲಿತ. ಅವರು ಪೂರ್ತಿ ದೇವರು, ಪೂರ್ತಿ ಮನುಷ್ಯ ಎಂದು 451ರಲ್ಲಿ ಕ್ರೈಸ್ತ ಧರ್ಮಾಧ್ಯಕ್ಷರು ಸೇರಿದ ಕ್ಯಾಲ್ಸಿಡನ್ ಮಹಾಸಭೆ ಹೇಳಿತು. ಪೂರ್ತಿ ಮನುಷ್ಯ ಅಂದ ಮೇಲೆ ಹಲ್ಲು ಬರುವಾಗಿನ ರಚ್ಚೆಯೂ ಅದರಲ್ಲಿ ಸೇರಿತು. ನಾನು ನಂಬಿರುವುದು ಇದನ್ನೇ. ಬಾಯಲ್ಲಿ ಬ್ರಹ್ಮಾಂಡ ತೋರಿಸಲಿಲ್ಲ, ಹಸಿವಾದಾಗ ಬಾಯಿ ತೆರೆದು ಅತ್ತ.

ಈ ಪ್ರಶ್ನೆಯನ್ನು ಸರಿಯಾಗಿ ಕೇಳಿದವರು ಒಬ್ಬರೇ. ನಾನು ಚಿಕ್ಕವಳಿದ್ದಾಗ ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಜಗುಲಿಯಲ್ಲಿ ಗೋದಲಿ ಕಟ್ಟುತ್ತಿದ್ದೆವು. ಅಡಿಕೆ ಸೋಗೆಯ ಮಾಡು, ಭತ್ತದ ಹುಲ್ಲು, ತೋಟದಿಂದ ಕಿತ್ತು ತಂದ ಪಾಚಿ. ಪಕ್ಕದ ಮನೆಯ ಅಜ್ಜಿ ನೋಡಲು ಬಂದರು. ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ, ತಟ್ಟೆ ಮುಟ್ಟಲಿಲ್ಲ. ಬಗ್ಗಿ ಬೊಂಬೆಯನ್ನೇ ನೋಡಿದರು.

"ಅಲ್ಲ ಮಾರಾಯ್ತಿ," ಎಂದರು ಅಮ್ಮನಿಗೆ. "ಈ ಚಳಿಯಲ್ಲಿ ಕೂಸನ್ನ ಬರಿಮೈಯಲ್ಲಿ ಮಲಗಿಸಿದ್ದೀಯಲ್ಲ. ಹುಲ್ಲು ಚುಚ್ಚಲ್ವಾ ಅದಕ್ಕೆ?"

ಅಮ್ಮ ಬೊಂಬೆ ಬರುವುದೇ ಹಾಗೆ ಎಂದರು.

"ಬಾಣಂತಿಗೆ ನೀರು ಹಾಕಿದ್ದು ಯಾರು?"

ಅಮ್ಮನಿಗೆ ಗೊತ್ತಿರಲಿಲ್ಲ. ಚರ್ಚಿನ ಪೂಜೆಯಲ್ಲಿ ಎಷ್ಟೋ ಸಲ ಕೇಳಿದ ಕಥೆ. ಆದರೆ ಹಂಡೆ ಒಲೆ ಯಾರು ಹಚ್ಚಿದರು ಎಂದು ನಮ್ಮ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ. ರಾತ್ರಿ ಊಟವಾದ ಮೇಲೆ ಅಮ್ಮ ಲೂಕನ ಎರಡನೇ ಅಧ್ಯಾಯ ತೆಗೆದು ಓದಿದರು. ಹೆತ್ತಳು. ಬಟ್ಟೆಯಲ್ಲಿ ಸುತ್ತಿದಳು. ಗೋದಲಿಯಲ್ಲಿ ಮಲಗಿಸಿದಳು. ಮೂರನ್ನೂ ಮಾಡಿದವಳು ಒಬ್ಬಳೇ, ಆಗಷ್ಟೇ ಹೆತ್ತವಳು. ಸೂಲಗಿತ್ತಿಯ ಮಾತಿಲ್ಲ, ತವರಿನವರ ಮಾತಿಲ್ಲ. "ಬಟ್ಟೆಯಲ್ಲಿ ಸುತ್ತಿ ಅಂತಿದೆ ಕಣೇ," ಎಂದು ಅಮ್ಮ ಮತ್ತೆ ಮತ್ತೆ ಹೇಳಿದರು. ಅಜ್ಜಿ ಹೇಳಿದ್ದೇ ಸರಿ, ನಮ್ಮ ಬೊಂಬೆಯೇ ತಪ್ಪು.

ಮುಂದೆ ಓದಿದರೆ ಇನ್ನೂ ಇದೆ. 40 ದಿನ ಕಳೆದ ಮೇಲೆ ಬಾಣಂತಿ ಕೂಸನ್ನು ಎತ್ತಿಕೊಂಡು ಜೆರುಸಲೇಮಿಗೆ ಹೋಗಬೇಕು. ಅರ್ಪಿಸಬೇಕಾದದ್ದು ಒಂದು ಕುರಿಮರಿ, ಜೊತೆಗೆ ಒಂದು ಹಕ್ಕಿ. ಕುರಿಮರಿಗೆ ಗತಿಯಿಲ್ಲದವರು ಎರಡು ಹಕ್ಕಿ ಕೊಟ್ಟರೂ ನಡೆಯುತ್ತಿತ್ತು. ಲೂಕ ಹೇಳುವುದು ಹಕ್ಕಿಗಳನ್ನು. ನನಗೆ ಬೇಕಾದ ಪವಾಡ ಇಷ್ಟೇ. ಲೋಕವನ್ನು ಕಾಯುವ ದೇವರು, ಕುರಿಮರಿ ಕೊಳ್ಳಲು ದುಡ್ಡಿಲ್ಲದ ಮನೆಯಲ್ಲಿ ಒಬ್ಬ ಹುಡುಗಿಯ ಕೈಯನ್ನು ನಂಬಿ ಮಲಗಿದ. ಯೇಸು ಏನು ಮಾಡಿದ್ರು ಅಂತ ಕೇಳುವವರು, ಅವರಿಗೆ ಯಾರು ಏನೇನು ಮಾಡಿದರು ಅಂತ ಒಂದು ಸಲವಾದರೂ ಕೇಳಿ. ಆ ಉತ್ತರ ಹೇಳುವುದಕ್ಕೆ ನನಗೆ ಬೇಜಾರಿಲ್ಲ.

ಮರುದಿನ ಸಂಜೆ ಅಜ್ಜಿ ಹಳೇ ಹತ್ತಿ ಸೀರೆಯ ಒಂದು ತುಂಡು ತಂದರು. ತೊಳೆದು ತೊಳೆದು ಮೆತ್ತಗಾದದ್ದು. ಅಜ್ಜಿ ಈಗಿಲ್ಲ. ಬಟ್ಟೆ ಇದೆ, ಬೊಂಬೆಯ ಪೆಟ್ಟಿಗೆಯಲ್ಲೇ ಇಟ್ಟಿರುತ್ತೇನೆ. ಡಿಸೆಂಬರ್ 24ರ ರಾತ್ರಿ ಪೂಜೆ ಮುಗಿಸಿ ಬಂದ ಮೇಲೆ ನಾನೇ ಸುತ್ತುತ್ತೇನೆ, ಅವತ್ತು ಅವರು ತೋರಿಸಿಕೊಟ್ಟ ಹಾಗೆ. ಕೈ ಒಳಗೆ, ಕಾಲು ಒಳಗೆ, ಮುಖ ಮಾತ್ರ ಹೊರಗೆ.