ಮೇಣ ಕೊಳ್ಳುವಾಗ ಎಣ್ಣೆ ಎಷ್ಟಿದೆ ಅಂತಲೂ ಕೇಳಿ

ಪೆಟ್ರೋಲಿಯಂ ಮೇಣ ಕರಗಿಸಿ, ಹದಕ್ಕೆ ಬೆರೆಸಿ, ಚಪ್ಪಡಿ ಹಾಕಿ ಮಾರುವ ಒಂದು ಘಟಕದ ಲ್ಯಾಬ್‌ನಲ್ಲಿ ನನ್ನ ಕೆಲಸ. ಹೊಸ ಗಿರಾಕಿಗಳು ಫೋನ್ ಮಾಡಿದರೆ ಮೊದಲು ರೇಟು ಕೇಳುತ್ತಾರೆ, ಆಮೇಲೆ ಮೆಲ್ಟಿಂಗ್ ಪಾಯಿಂಟ್. ಎಣ್ಣೆ ಎಷ್ಟಿದೆ ಅಂತ ಕೇಳುವವರು ಕಡಿಮೆ. ಮಾಲು ಕೆಲಸಕ್ಕೆ ಬರುತ್ತದೋ ಇಲ್ಲವೋ ಅನ್ನುವುದು ಎಷ್ಟೋ ಸಲ ಇದರ ಮೇಲೇ ನಿಂತಿರುತ್ತದೆ.

ಮೇಣದಲ್ಲಿ ಎಣ್ಣೆ ಯಾಕೆ ಇರುತ್ತದೆ? ರಿಫೈನರಿಯಲ್ಲಿ ಲ್ಯೂಬ್ ಆಯಿಲ್ (ಯಂತ್ರಗಳಿಗೆ ಹಾಕುವ ಎಣ್ಣೆ) ಮಾಡುವಾಗ ಅದರೊಳಗಿನ ಮೇಣ ತೆಗೆಯಲೇಬೇಕು, ಇಲ್ಲದಿದ್ದರೆ ಚಳಿಗೆ ಎಣ್ಣೆ ಗಟ್ಟಿಯಾಗುತ್ತದೆ. ಎಂಇಕೆ (ಮೀಥೈಲ್ ಈಥೈಲ್ ಕೀಟೋನ್), ಟೊಲ್ಯೂನ್ ಥರದ ದ್ರಾವಕ ಬೆರೆಸಿ ತಣಿಸಿದರೆ ಮೇಣ ಹರಳುಗಟ್ಟುತ್ತದೆ. ಸೋಸಿದಾಗ ಸಿಗುವುದೇ ಸ್ಲ್ಯಾಕ್ ವ್ಯಾಕ್ಸ್. ಹರಳುಗಳ ನಡುವೆ ಎಣ್ಣೆ ಉಳಿದುಬಿಡುತ್ತದೆ, ಕೆಲವು ಮಾಲಿನಲ್ಲಿ ಶೇ. 20 ದಾಟುವುದೂ ಉಂಟು. ಆ ಎಣ್ಣೆಯನ್ನೂ ತೆಗೆದು, ಬಣ್ಣ ವಾಸನೆ ಕಳೆದರೆ ಬಿಳಿ ಪ್ಯಾರಾಫಿನ್. ಫುಲ್ ರಿಫೈನ್ಡ್ ಅಂದರೆ ಸಾಮಾನ್ಯವಾಗಿ ಎಣ್ಣೆ ಶೇ. 0.5ರ ಒಳಗೆ. ನಮ್ಮ ದೇಶದಲ್ಲಿ ಅಸ್ಸಾಂನ ನುಮಾಲಿಗಢ, ಚೆನ್ನೈನ ಮಣಲಿ ರಿಫೈನರಿಗಳು ಪ್ಯಾರಾಫಿನ್ ಮೇಣ ತಯಾರಿಸುತ್ತವೆ.

ಒಂದು ಬೇಸಿಗೆಯಲ್ಲಿ ಮೇಣದಬತ್ತಿ ಮಾಡುವವರೊಬ್ಬರು ಬೇರೆ ಕಡೆ ಅಗ್ಗಕ್ಕೆ ಕೊಂಡ ಚಪ್ಪಡಿ ತಂದರು. ‘ಸಾರ್, ಬತ್ತಿ ಬೆವರ್ತಿದೆ, ಅಂಗಡಿಯವರು ವಾಪಸ್ ಕಳಿಸ್ತಿದಾರೆ’ ಅಂದರು. ಮೆಲ್ಟಿಂಗ್ ಪಾಯಿಂಟ್ ನೋಡಿದರೆ ಅವರು ಕೇಳಿದಷ್ಟೇ ಇತ್ತು. ತೂಕ ಮಾಡಿದ ಚೂರು ಮೇಣವನ್ನು ಎಂಇಕೆಯಲ್ಲಿ ಬಿಸಿಮಾಡಿ ಕರಗಿಸಿ, ಸೊನ್ನೆಗಿಂತ 32 ಡಿಗ್ರಿ ಕೆಳಗೆ ತಣಿಸಿದೆವು. ಮೇಣ ಬಿಳಿ ಗಂಜಿಯ ಹಾಗೆ ಬೇರೆಯಾಯಿತು. ಸೋಸಿ, ದ್ರಾವಕ ಆರಿಸಿದ ಮೇಲೆ ಫ್ಲಾಸ್ಕ್ ತಳದಲ್ಲಿ ಹಳದಿ ಎಣ್ಣೆ ಉಳಿಯಿತು. ತೂಗಿದರೆ ಶೇ. 3ರ ಹತ್ತಿರ! ಸೆಕೆ ಜಾಸ್ತಿಯಾದಾಗ ಬತ್ತಿಯ ಮೈಮೇಲೆ ಬರುತ್ತಿದ್ದದ್ದು ಅದೇ.

ಹಾಗಂತ ಸ್ಲ್ಯಾಕ್ ವ್ಯಾಕ್ಸ್ ಕಳಪೆ ಮಾಲು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಪಾರ್ಟಿಕಲ್ ಬೋರ್ಡ್ ಕಾರ್ಖಾನೆಯಲ್ಲಿ ಇದನ್ನೇ ನೀರಿನ ಜೊತೆ ಎಮಲ್ಷನ್ ಮಾಡಿ ಮರದ ಚೂರುಗಳಿಗೆ ಸಿಂಪಡಿಸುತ್ತಾರೆ. ಮರದ ತೂಕದ ಶೇ. 1ರಷ್ಟು ಮೇಣವಿದ್ದರೂ ಸಾಕು, ಒದ್ದೆಯಾದ ಬೋರ್ಡ್ ಅಂಚು ಅಷ್ಟು ಬೇಗ ಉಬ್ಬುವುದಿಲ್ಲ. ಅಲ್ಲಿಗೆ ದುಬಾರಿ ಬಿಳಿ ಮೇಣ ಹಾಕಿದರೆ ಸುಮ್ನೆ ದುಡ್ಡು ದಂಡ.

ಟೈರ್‌ನ ಕಥೆಯೇ ಬೇರೆ. ಅಲ್ಲಿ ಮೇಣ ಹೊರಗೆ ಬರಲಿ ಅಂತಲೇ ರಬ್ಬರಿಗೆ ಬೆರೆಸುತ್ತಾರೆ. ಅದು ನಿಧಾನವಾಗಿ ಮೇಲಕ್ಕೆ ಬಂದು ತೆಳು ಪದರ ಕಟ್ಟುತ್ತದೆ, ಗಾಳಿಯಲ್ಲಿನ ಓಝೋನ್ ರಬ್ಬರನ್ನು ಸೀಳದಂತೆ ತಡೆಯುತ್ತದೆ. ಪ್ಯಾರಾಫಿನ್ ಜೊತೆ ಮೈಕ್ರೋಕ್ರಿಸ್ಟಲಿನ್ ಮೇಣವೂ ಬೇಕು. ಇದರ ಹರಳು ಸಣ್ಣದು, ಬಾಗಿದರೂ ಬೇಗ ಬಿರುಕು ಬಿಡುವುದಿಲ್ಲ.

ಆದ್ದರಿಂದ ಮಾಲು ಕೇಳುವಾಗ ಏನು ಮಾಡಲಿಕ್ಕೆ ಅಂತ ಮೊದಲೇ ಹೇಳಿಬಿಡಿ. ಟೆಸ್ಟ್ ರಿಪೋರ್ಟ್ ತರಿಸಿಕೊಂಡು, ಮೆಲ್ಟಿಂಗ್ ಪಾಯಿಂಟ್ ಜೊತೆಗೆ ಎಣ್ಣೆಯ ಅಂಶ, ಪೆನೆಟ್ರೇಷನ್ (ಮೇಣ ಎಷ್ಟು ಮೆತ್ತಗಿದೆ ಅನ್ನುವ ಅಳತೆ) ಎರಡನ್ನೂ ನೋಡಿ. ಚೀಸ್ ಮೇಲಿನ ಲೇಪ, ತಿಂಡಿ ಸುತ್ತುವ ಕಾಗದದಂಥ ಕೆಲಸವಾದರೆ ಫುಡ್ ಗ್ರೇಡ್ ಅನ್ನುವ ಪ್ರಮಾಣಪತ್ರ ಇರಲೇಬೇಕು. ಚಪ್ಪಡಿ ಬೆಳ್ಳಗಿದೆ ಅಂತ ಅದನ್ನು ಆಹಾರಕ್ಕೆ ತಾಗಿಸಬೇಡಿ.