ಎರಡಡಿ ತೊಟ್ಟಿಗೆ ಒಂದೇ ಜೋಡಿ

9 ಮಾರ್ಚ್ 2025, ಭಾನುವಾರ

ನನ್ನ ಮೀನುತೊಟ್ಟಿಯಲ್ಲಿ ಹೆಣ್ಣು ಕ್ರಿಬ್ (ಕ್ರಿಬೆನ್ಸಿಸ್ ಎಂಬ ಪುಟ್ಟ ಸಾಕುಮೀನು) ಬೆಳಿಗ್ಗೆಯಿಂದ ಮರಳು ಸಾಗಿಸುತ್ತಿದೆ. ಮಗುಚಿಟ್ಟ ತೆಂಗಿನ ಚಿಪ್ಪಿನೊಳಗೆ ನುಗ್ಗುವುದು, ಬಾಯಿ ತುಂಬ ಮರಳು ತುಂಬಿಕೊಂಡು ಬರುವುದು, ಗೇಣು ದೂರದಲ್ಲಿ ಉಗುಳಿ ಮತ್ತೆ ಒಳಗೆ ಹೋಗುವುದು. ಹೊಟ್ಟೆ ಚೆರಿ ಹಣ್ಣಿನ ಬಣ್ಣಕ್ಕೆ ತಿರುಗಿದೆ. ಗಂಡು ಹತ್ತಿರ ಬಂದರೆ ಸಾಕು, ಮೈ ಬಾಗಿಸಿ, ಆ ಹೊಟ್ಟೆಯನ್ನು ಅದರ ಕಣ್ಣೆದುರಿಗೇ ಹಿಡಿದು ನಡುಗುತ್ತದೆ. ಈ ಜಾತಿಯಲ್ಲಿ ಒಲಿಸಿಕೊಳ್ಳುವ ಕೆಲಸ ಹೆಚ್ಚಾಗಿ ಹೆಣ್ಣಿನದೇ.

ಮಧ್ಯಾಹ್ನ ಗೆಳೆಯನ ಫೋನು. ಎರಡಡಿ ತೊಟ್ಟಿ ತಂದಿದ್ದಾನಂತೆ. ಕ್ರಿಬ್, ರಾಮ್, ಏಪಿಸ್ಟೊಗ್ರಾಮ (ಮೂರೂ ಸಿಕ್ಲಿಡ್ ಕುಟುಂಬದ ಪುಟ್ಟ ಮೀನುಗಳು) ಮೂರನ್ನೂ ಒಂದೊಂದು ಜೋಡಿ ಬಿಡಬಹುದಾ ಅಂತ ಕೇಳಿದ. ಬೇಡ ಮಾರಾಯ ಅಂದೆ.

ಎಲ್ಲರೂ ಲೀಟರ್ ಲೆಕ್ಕ ಹಾಕುತ್ತಾರೆ. ಸಿಕ್ಲಿಡ್‌ಗಳಿಗೆ ಬೇಕಾದದ್ದು ನೆಲ. 60 ಸೆಂಟಿಮೀಟರ್ ಉದ್ದ, 30 ಅಗಲದ ತೊಟ್ಟಿಯನ್ನು ಎಷ್ಟು ಎತ್ತರ ಮಾಡಿದರೂ ನೆಲ ಅಷ್ಟೇ ಅಲ್ವಾ? ಮೊಟ್ಟೆ ಇಟ್ಟ ಮೇಲೆ ಒಂದು ಜೋಡಿ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗವನ್ನು ತನ್ನದು ಮಾಡಿಕೊಳ್ಳುತ್ತದೆ. ಇನ್ನೊಂದು ಜೋಡಿ ಇದ್ದರೆ ಅದಕ್ಕೆ ಓಡಿಹೋಗಲು ಮೂಲೆಯೂ ಉಳಿಯುವುದಿಲ್ಲ. ಕೊರಿಡೋರಸ್ ಬಿಡುವುದೂ ನನಗೆ ಇಷ್ಟವಿಲ್ಲ. ಅವು ತಳದಲ್ಲೇ ತಿರುಗುವ ಮೀನು, ಎಷ್ಟು ಕಚ್ಚಿಸಿಕೊಂಡರೂ ಗಡಿ ಅನ್ನುವುದು ಅವಕ್ಕೆ ತಿಳಿಯುವುದಿಲ್ಲ. ಮೇಲೆ ಈಜುವ ಸಣ್ಣ ಮೀನುಗಳ ಗುಂಪು ಇದ್ದರೆ ಒಳ್ಳೆಯದು. ಅವು ಆರಾಮಾಗಿ ಈಜುವುದನ್ನು ಕಂಡರೆ ಸಿಕ್ಲಿಡ್‌ಗಳೂ ಧೈರ್ಯವಾಗಿ ಹೊರಗೆ ಬರುತ್ತವೆ.

ಹಾಗಾದರೆ ಯಾವುದು? ಅವನ ಮನಸ್ಸು ರಾಮ್ ಮೇಲೆ. ನೋಡಲು ಚೆಂದ, ನಿಜ. ಆದರೆ ಅದು ವೆನೆಜುವೆಲಾ, ಕೊಲಂಬಿಯಾದ ಬಿಸಿ ಬಯಲು ನೀರಿನ ಮೀನು. 27ರಿಂದ 30 ಡಿಗ್ರಿ ಬೇಕು, ಮೆದು ನೀರು ಬೇಕು, ಹೊಸ ತೊಟ್ಟಿ ಅದಕ್ಕೆ ಆಗಿಬರುವುದಿಲ್ಲ. ಫಿಲ್ಟರ್‌ನಲ್ಲಿ ಬ್ಯಾಕ್ಟೀರಿಯಾ ನೆಲೆಯೂರಿ, ಅಮೋನಿಯಾ, ನೈಟ್ರೈಟ್ ಎಂಬ ವಿಷಗಳೆರಡೂ ಸೊನ್ನೆಗೆ ಇಳಿದ ಮೇಲೂ ಕೆಲವು ತಿಂಗಳು ಕಾಯುವುದು ವಾಸಿ. ಬೊಲಿವಿಯನ್ ರಾಮ್ ಬಣ್ಣ ಕಡಿಮೆ, ಗಟ್ಟಿತನ ಜಾಸ್ತಿ. ಆದರೆ ಸ್ವಲ್ಪ ದೊಡ್ಡದಾಗಿ ಬೆಳೆಯುತ್ತದೆ. ಮೊದಲ ಸಲ ಸಾಕುವವರಿಗೆ ನನ್ನ ಓಟು ಕ್ರಿಬ್‌ಗೆ. ಪಶ್ಚಿಮ ಆಫ್ರಿಕಾದ ಈ ಮೀನು 25 ಡಿಗ್ರಿಯ ಆಸುಪಾಸಿನಲ್ಲಿ, ತೀರಾ ಗಡುಸಲ್ಲದ ನೀರಿನಲ್ಲಿ ಹೊಂದಿಕೊಂಡು ಹೋಗುತ್ತದೆ. ಒಂದು ತಮಾಷೆ ಇದೆ: ಮರಿಗಳು ಗಂಡೋ ಹೆಣ್ಣೋ ಅನ್ನುವುದರಲ್ಲಿ ನೀರಿನ ಪಿಎಚ್ (ನೀರು ಎಷ್ಟು ಹುಳಿ ಅನ್ನುವ ಅಳತೆ) ಕೈವಾಡವೂ ಇದೆ. ಹುಳಿ ನೀರಿನಲ್ಲಿ ಗಂಡು ಜಾಸ್ತಿ.

ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬೇಡ ಅಂದೆ. ಎಳೆಯ ಮೀನು ಕಣ್ಣು ಕೋರೈಸುವಷ್ಟು ಹೊಳೆಯುತ್ತಿದ್ದರೆ ನನಗಂತೂ ಅನುಮಾನ, ಹಾರ್ಮೋನು ಕೊಟ್ಟು ಬಣ್ಣ ಬರಿಸುವುದೂ ಉಂಟು. ಹೊಟ್ಟೆ ಒಳಕ್ಕೆ ಹೋಗಿದೆಯಾ, ಬಿಳಿ ದಾರದಂಥ ಹಿಕ್ಕೆ ನೇತಾಡುತ್ತಿದೆಯಾ, ಉಸಿರು ಜೋರಾಗಿದೆಯಾ ನೋಡಬೇಕು. ಸ್ವಲ್ಪ ಊಟ ಹಾಕಿಸಿ ನೋಡಬೇಕು. ತಿನ್ನದ ಮೀನು ಎಷ್ಟೇ ಚೆಂದವಿದ್ದರೂ ಅಲ್ಲೇ ಇರಲಿ. ಕ್ರಿಬ್‌ನಲ್ಲಿ ಹೆಣ್ಣು ಗಿಡ್ಡ, ದುಂಡಗೆ. ಗಂಡು ಉದ್ದ, ಬೆನ್ನಿನ ಈಜುರೆಕ್ಕೆಯ ತುದಿ ಚೂಪು.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸು ಅಂದಿದ್ದಕ್ಕೆ ಅವನು ಸುಮ್ನೆ ಹ್ಞೂಂಗುಟ್ಟಿದ. ನೋಡೋಣ.

ಸಂಜೆಯ ಹೊತ್ತಿಗೆ ಚಿಪ್ಪಿನ ಬಾಯಿ ಮುಕ್ಕಾಲು ಮುಚ್ಚಿದೆ, ಹೆಣ್ಣು ಒಳಗೇ ಇದೆ. ಗಂಡು ಹೊರಗೆ ಕಾವಲು. ಮೊಟ್ಟೆ ಇಟ್ಟಿದ್ದರೆ ಮೂರು ದಿನದಲ್ಲಿ ಒಡೆಯುತ್ತದೆ, ಇನ್ನೂ ಐದಾರು ದಿನಕ್ಕೆ ಮರಿಗಳು ಈಜುತ್ತವೆ. ಅಷ್ಟರೊಳಗೆ ಮರಿಗಳ ಊಟಕ್ಕೆ ಆರ್ಟೀಮಿಯಾ (ಉಪ್ಪುನೀರಿನ ಪುಟಾಣಿ ಸೀಗಡಿ) ಮೊಟ್ಟೆ ತರಿಸಬೇಕು. ಮರಿಗಳನ್ನು ಯಾರಿಗೆ ಕೊಡುವುದು ಅಂತಲೂ ಈಗಲೇ ಕೇಳಿಡಬೇಕು.