ಕಾರಿನ ದೀಪಕ್ಕೂ ಎಡ-ಬಲ ಇದೆ

ಫ್ರಾನ್ಸ್‌ನ ಕ್ಯಾಲೆ ಊರು ದಾಟಿ ದಕ್ಷಿಣಕ್ಕೆ ಹೋಗುವ ಒಂದು ಹಳ್ಳಿ ರಸ್ತೆ. ರಾತ್ರಿ ಎಂಟಾಗಿತ್ತು, ಸಣ್ಣಗೆ ಮಳೆ. ಎದುರಿಗೆ ಬಂದ ಕಾರು ಪಟಪಟ ಅಂತ ಎರಡು ಸಲ ಲೈಟ್ ಹೊಡೆದು ಹೋಯಿತು. ಅದರ ಹಿಂದಿನದೂ ಹೊಡೆಯಿತು. ನಾನು ಡಿಪ್‌ನಲ್ಲೇ, ಅಂದರೆ ಲೈಟನ್ನು ಕೆಳಗೆ ಬಾಗಿಸಿಯೇ ಇದ್ದೆ. ಫುಲ್ ಲೈಟ್ ಇದ್ದರೆ ಡ್ಯಾಶ್‌ಬೋರ್ಡಿನಲ್ಲಿ ಹತ್ತುವ ನೀಲಿ ದೀಪ ಇರಲಿಲ್ಲ. ಮತ್ತೆ ಇವರೆಲ್ಲ ಯಾಕೆ ಸಿಟ್ಟಾಗಿದ್ದಾರೆ ಅಂತ ತಿಳಿಯಲಿಲ್ಲ. ಹೋಟೆಲ್ ಮುಟ್ಟುವವರೆಗೂ ಮನಸ್ಸಿಗೆ ಸಮಾಧಾನ ಇರಲಿಲ್ಲ.

ಇದು ಎರಡು ವರ್ಷದ ಹಿಂದಿನ ಮಾತು. ನನ್ನೂರು ಹುಬ್ಬಳ್ಳಿ, ಈಗ ಇರೋದು ಇಂಗ್ಲೆಂಡಿನಲ್ಲಿ. ಇಲ್ಲೂ ನಮ್ಮ ಹಾಗೇ ಎಡಗಡೆ ಓಡಿಸುತ್ತಾರೆ. ಫೋಕ್‌ಸ್ಟನ್‌ನಲ್ಲಿ ಕಾರನ್ನು ರೈಲಿನೊಳಗೆ ಹತ್ತಿಸಿದರೆ ಸಮುದ್ರದ ಕೆಳಗಿನ ಸುರಂಗದಲ್ಲಿ 35 ನಿಮಿಷ, ಆಚೆ ಇಳಿದರೆ ಫ್ರಾನ್ಸ್. ಅಲ್ಲಿ ಬಲಗಡೆ. ಬಲಕ್ಕೆ ಹಿಡಿದು ಓಡಿಸಿದರಾಯಿತು, ಅಷ್ಟೇ ಅಲ್ವಾ ಅಂದುಕೊಂಡಿದ್ದೆ. ಹೆಡ್‌ಲೈಟ್‌ನ ಯೋಚನೆ ಬಂದೇ ಇರಲಿಲ್ಲ.

ಹೋದ ವರ್ಷ ಅಪ್ಪ, ಅವ್ವ ಬಂದಿದ್ದರು. ಅವರನ್ನೂ ಕರೆದುಕೊಂಡು ಮತ್ತೆ ಫ್ರಾನ್ಸ್‌ಗೆ ಹೊರಟೆವು. ಅಪ್ಪ ರಿಟೈರ್ ಆದ ಬಸ್ ಡ್ರೈವರ್, ಹುಬ್ಬಳ್ಳಿ-ಗದಗ ರೂಟ್‌ನಲ್ಲೇ ಜಾಸ್ತಿ ವರ್ಷ ಕಳೆದವರು. ಈ ಸಲ ನಾನು ಹೆಡ್‌ಲೈಟ್‌ಗೆ ಅಂಟಿಸುವ ಸ್ಟಿಕ್ಕರ್ ತಂದಿದ್ದೆ. ಕಾರಿನ ಸಾಮಾನು ಮಾರುವ ಅಂಗಡಿಯಲ್ಲಿ ಹತ್ತು ಪೌಂಡ್ ಒಳಗೇ ಸಿಗುತ್ತದೆ. ಅದು ಯಾಕೆ ಅಂತ ಅಪ್ಪ ಕೇಳಿದರು. ಬಾಯಲ್ಲಿ ಹೇಳುವುದಕ್ಕಿಂತ ತೋರಿಸೋಣ ಅಂತ ಕತ್ತಲಾದ ಮೇಲೆ ಕಾರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಡಿಪ್ ಲೈಟ್ ಹಾಕಿದೆ.

ಗೋಡೆ ಮೇಲೆ ಬೆಳಕಿನ ಅಂಚು ಚೆನ್ನಾಗಿ ಕಾಣುತ್ತಿತ್ತು. ಬಲಗಡೆ ಗೆರೆ ಎಳೆದ ಹಾಗೆ ಸಪಾಟು. ನಡುವಿನಿಂದ ಎಡಕ್ಕೆ ಮಾತ್ರ ಏರಿಕೊಂಡು ಹೋಗುತ್ತದೆ, ಸುಮಾರು 15 ಡಿಗ್ರಿ. ಅಪ್ಪ ಗೋಡೆ ಹತ್ತಿರ ಹೋಗಿ ಆ ಏರಿದ ಗೆರೆಯ ಮೇಲೆ ಕೈ ಇಟ್ಟರು. ಒಂದು ನಿಮಿಷವೂ ಆಗಲಿಲ್ಲ.

"ಎಡಕ್ಕ ನಡಕೊಂಡು ಹೋಗಾವ್ರು ಕಾಣಲಿ ಅಂತ ಹಿಂಗ ಮಾಡ್ಯಾರ ತಮ್ಮಾ. ಆ ದೇಶದಾಗ ಎದುರಿನಾಂವ ಎಡಕ್ಕ ಬರ್ತಾನಲ್ಲ, ಸೀದಾ ಅಂವನ ಕಣ್ಣಿಗೇ ಹೊಡಿತೈತಿ."

ಹೌದು, ವಿಷಯ ಅಷ್ಟೇ. ಆ ರಾತ್ರಿ ನಾನು ಡಿಪ್‌ನಲ್ಲಿದ್ದರೂ ಎದುರಿನವರಿಗೆ ಫುಲ್ ಲೈಟ್ ಹೊಡೆದ ಹಾಗೇ ಆಗಿತ್ತು. ಸ್ವೀಡನ್ 1967ರ ಸೆಪ್ಟೆಂಬರ್ 3ರಂದು ಎಡದಿಂದ ಬಲಕ್ಕೆ ಬದಲಾದಾಗ ಅಲ್ಲಿನವರು ಗಾಡಿಗಳ ಹೆಡ್‌ಲೈಟ್‌ಗಳನ್ನೂ ಬದಲಿಸಬೇಕಾಯಿತು.

ಸ್ಟಿಕ್ಕರ್ ನೋಡಲಿಕ್ಕೆ ಸಾದಾ ಪ್ಲಾಸ್ಟಿಕ್ ತುಂಡು. ಬೆರಳಾಡಿಸಿದರೆ ಸಣ್ಣ ಸಣ್ಣ ಗೀರು ತಾಗುತ್ತವೆ. ಆ ಗೀರುಗಳೇ ಬೆಳಕನ್ನು ಬಗ್ಗಿಸುವುದು. ಯಾವ ಕಾರಿಗೆ ಎಲ್ಲಿ ಅಂಟಿಸಬೇಕು ಅಂತ ಜೊತೆಗೆ ಚಿತ್ರ ಇರುತ್ತದೆ. ಗಾಜು ಒರೆಸಿ, ಒಣಗಿಸಿ, ಅಳತೆ ನೋಡಿ ಅಪ್ಪನೇ ಅಂಟಿಸಿದರು. ಮತ್ತೆ ಲೈಟ್ ಹಾಕಿದಾಗ ಎಡಗಡೆಯ ಏರು ಹೋಗಿತ್ತು. ಎಲ್ಲ ಕಾರಿಗೂ ಸ್ಟಿಕ್ಕರ್ ಬೇಕಾಗುವುದಿಲ್ಲ. ಕೆಲವದರಲ್ಲಿ ದೀಪದ ಹಿಂದೆ ಒಂದು ಲಿವರ್ ಇರುತ್ತದೆ, ಹೊಸ ಕಾರುಗಳಲ್ಲಿ ಸ್ಕ್ರೀನ್ ಮೇಲೇ ಬದಲಿಸಬಹುದು. ಕೆಲವು ಎಲ್‌ಇಡಿ ದೀಪಕ್ಕೆ ಸ್ಟಿಕ್ಕರ್ ಅಂಟಿಸಲೇಬಾರದು. ಕಾರಿನ ಜೊತೆ ಬಂದ ಪುಸ್ತಕ ಓದಿಯೇ ಕೈ ಹಾಕಿ.

ನಾನು ಸಣ್ಣವನಿದ್ದಾಗ ನಮ್ಮ ಕಡೆ ಲಾರಿ, ಬಸ್ಸುಗಳ ಹೆಡ್‌ಲೈಟ್‌ನ ಮೇಲಿನ ಅರ್ಧಕ್ಕೆ ಕಪ್ಪು ಬಣ್ಣ ಬಳಿದಿರುತ್ತಿದ್ದರು. ಕೆಲವಕ್ಕೆ ನಡುವೆ ಒಂದು ಕಪ್ಪು ಚುಕ್ಕೆ. ದೃಷ್ಟಿ ಆಗಬಾರದು ಅಂತ ಇರಬೇಕು ಅಂದುಕೊಂಡಿದ್ದೆ. ಅದೂ ಎದುರಿನವರ ಕಣ್ಣಿಗೋಸ್ಕರವೇ ಅಂತ ಅಪ್ಪ ಅವತ್ತು ಹೇಳಿದರು. ಆಮೇಲೆ ಅಣ್ಣಿಗೇರಿ ಹತ್ತಿರದ ಒಂದು ರಾತ್ರಿಯ ಕತೆ ಹೇಳಿದರು. ಎದುರಿಗೆ ಬಂದ ಲಾರಿಯವನು ಡಿಪ್ಪರ್ ಹಾಕಲೇ ಇಲ್ಲ. ಲಾರಿ ದಾಟಿದ ಮೇಲೆ ಅಪ್ಪನ ಕಣ್ಣಿಗೆ ಬರೀ ಕತ್ತಲೆ. ಏನೋ ಅನ್ನಿಸಿ ಬ್ರೇಕ್ ಒತ್ತಿದರು. ಬಸ್ ನಿಂತಾಗ ಮುಂದೆ ಹತ್ತು ಮಾರು ದೂರದಲ್ಲಿ ಹತ್ತಿ ಅಂಡಿಗೆ ಹೇರಿದ ಚಕ್ಕಡಿ ಹೋಗುತ್ತಿತ್ತು. ಹಿಂದೆ ಒಂದು ಕಂದೀಲೂ ಇರಲಿಲ್ಲ. ಇಷ್ಟು ವರ್ಷ ಈ ಕತೆಯನ್ನು ಅವರು ಮನೆಯಲ್ಲಿ ಹೇಳಿರಲಿಲ್ಲ. ಅವ್ವನೂ ಅವತ್ತೇ ಕೇಳಿದ್ದು.

ಹಾಗಾಗಿ ಊರಿನವರಿಗೆ ಒಂದು ಮಾತು. ಹಳೇ ಹ್ಯಾಲೊಜನ್ ದೀಪದೊಳಗೆ ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ ಬಲ್ಬ್ ಹಾಕಿಸುವವರು ಈಗ ಜಾಸ್ತಿ. ಒಳಗಿನ ಕನ್ನಡಿ ಮಾಡಿರೋದು ಹ್ಯಾಲೊಜನ್ ಬಲ್ಬಿಗೆ. ಬೇರೆ ಬಲ್ಬ್ ಹಾಕಿದರೆ ಬೆಳಕು ಎಲ್ಲೆಂದರಲ್ಲಿ ಚದುರುತ್ತದೆ. ನಿಮಗೆ ರಸ್ತೆ ಚೆನ್ನಾಗಿ ಕಂಡ ಹಾಗೆ ಅನಿಸುತ್ತದೆ, ಎದುರಿನ ಬೈಕಿನವನಿಗೆ ಏನೂ ಕಾಣುವುದಿಲ್ಲ. ರಾತ್ರಿ ಧಾರವಾಡದಿಂದ ಹುಬ್ಬಳ್ಳಿಗೆ ಬರುವಾಗ ಇದನ್ನು ಅನುಭವಿಸದವರು ಯಾರಿದ್ದಾರೆ? ದಯವಿಟ್ಟು ಒಂದು ಸಲ ನಿಮ್ಮ ಗಾಡಿಯನ್ನೂ ಗೋಡೆ ಮುಂದೆ ನಿಲ್ಲಿಸಿ ನೋಡಿ. ಬಲಗಡೆ ಆ ಸಪಾಟು ಗೆರೆ ಕಾಣದಿದ್ದರೆ ಮೆಕ್ಯಾನಿಕ್ ಹತ್ತಿರ ಹೋಗಿ.

ಫ್ರಾನ್ಸ್‌ನಲ್ಲಿ ನಾಲ್ಕು ರಾತ್ರಿ ಓಡಿಸಿದೆವು. ಒಬ್ಬರೂ ಲೈಟ್ ಹೊಡೆಯಲಿಲ್ಲ. ಪ್ರತಿ ಕಾರು ದಾಟಿದಾಗಲೂ ಅಪ್ಪ ಪಕ್ಕದ ಸೀಟಿನಿಂದ ನನ್ನ ಕಡೆ ನೋಡುತ್ತಿದ್ದರು. ವಾಪಸ್ ಬಂದ ಮೇಲೆ ಸ್ಟಿಕ್ಕರ್ ತೆಗೆಯಲೇಬೇಕು, ಇಲ್ಲದಿದ್ದರೆ ಇಲ್ಲಿ ಎಡಗಡೆ ನಡೆಯುವವರು ಕಾಣುವುದಿಲ್ಲ. ಫೋಕ್‌ಸ್ಟನ್‌ನಲ್ಲಿ ಇಳಿದು ಅಪ್ಪನೇ ಉಗುರಿನಿಂದ ಮೆಲ್ಲಗೆ ಕಿತ್ತರು. ಕಸದ ಬುಟ್ಟಿ ತೋರಿಸಿದೆ. ಅವರು ಎರಡನ್ನೂ ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಇಟ್ಟುಕೊಂಡರು.

"ಇರಲಿ ತಮ್ಮಾ, ಡಿಪೋದಾಗ ಹುಡುಗರಿಗೆ ತೋರಸ್ತೀನಿ" ಅಂದರು.